ಈ ಟ್ಯಾಂಕರ್ ಎಲ್ಲಿಗೆ ಹೊರಟಿದೆ?

ಅಮೆರಿಕದ ಗೂಡ್ಸ್ ರೈಲುಗಳ ಮಾಡೆಲ್ ಕಟ್ಟುವವರು ಇಬ್ಬರು ಸಿಕ್ಕರೆ ಮಾತು ಬೇಗ ಒಂದು ಕಡೆ ಬಂದು ನಿಲ್ಲುತ್ತದೆ. ಯಾವ ಕಂಪನಿ? ಯಾಕೆ ಅದೇ? ಅಲ್ಲಿ ಗೂಡ್ಸ್ ಸಾಗಿಸುವ ದೊಡ್ಡ ಕಂಪನಿಗಳೆಲ್ಲ ಖಾಸಗಿ. ಹಳಿ, ಸೇತುವೆ, ಎಂಜಿನ್ ಹೆಚ್ಚಿನವು ಕಂಪನಿಯದೇ. ಹಾಗಾಗಿ ಒಂದೊಂದಕ್ಕೂ ಅದರದೇ ಬಣ್ಣ, ಅದರದೇ ಊರುಗಳು, ಅದರದೇ ಕೆಲಸದ ರೀತಿ. ಒಂದು ಕಂಪನಿಯನ್ನು ಆರಿಸಿಕೊಂಡರೆ ಮುಂದೆ ಯಾವ ಎಂಜಿನ್ ಕೊಳ್ಳಬೇಕು, ಯಾವ ಬೆಟ್ಟ ಕಟ್ಟಬೇಕು, ಹಿಂದಿನ ಗೋಡೆಗೆ ಎಂಥ ಆಕಾಶ ಬಳಿಯಬೇಕು ಅನ್ನುವುದೆಲ್ಲ ಅರ್ಧ ತೀರ್ಮಾನವಾದ ಹಾಗೆ.

ನಾನು ಕಟ್ಟುತ್ತಿರುವುದು ಮೊಂಟಾನಾ ರೈಲ್ ಲಿಂಕ್ ಅನ್ನುವ ಮಧ್ಯಮ ಗಾತ್ರದ ಕಂಪನಿಯನ್ನು. ಬಿಎನ್‌ಎಸ್‌ಎಫ್ ಅಥವಾ ಯೂನಿಯನ್ ಪೆಸಿಫಿಕ್ ಅಂದಿದ್ದರೆ ಯಾರೂ ಯಾಕೆ ಅಂತ ಕೇಳುತ್ತಿರಲಿಲ್ಲ. ದೊಡ್ಡ ಕಂಪನಿಗೆ ಕಾರಣ ಬೇಕಾಗಿಲ್ಲ ಅಂತ ಜನ ಅಂದುಕೊಂಡಿದ್ದಾರೆ. ಈ ಪ್ರಶ್ನೆಗೆ ಉತ್ತರ ಹೇಳುತ್ತಾ ಹೇಳುತ್ತಾ, ಬೇರೆಯವರ ಉತ್ತರ ಕೇಳುತ್ತಾ, ನನಗೆ ಒಂದು ವಿಷಯ ಹೊಳೆಯಿತು. ಮೊದಲು ನಮ್ಮನ್ನು ಸೆಳೆಯುವ ಕಾರಣ ಒಂದು. ಇಪ್ಪತ್ತು ವರ್ಷ ಅದರ ಜೊತೆ ಉಳಿಯುವಂತೆ ಮಾಡುವ ಕಾರಣವೇ ಇನ್ನೊಂದು.

ಸೆಳೆಯುವುದು ಹೆಚ್ಚಾಗಿ ಬಣ್ಣ. ಇದನ್ನು ಹೇಳಿಕೊಳ್ಳಲು ಕೆಲವರು ಹಿಂಜರಿಯುತ್ತಾರೆ, ಆದರೆ ಹಿಂಜರಿಯುವಂಥದ್ದು ಏನೂ ಇಲ್ಲ. ಕೇಸರಿ ಬಣ್ಣದ ಬಿಎನ್‌ಎಸ್‌ಎಫ್ ಎಂಜಿನ್‌ಗಳ ಸಾಲು ಒಣ ಹುಲ್ಲಿನ ಗುಡ್ಡದ ಮುಂದೆ ಹಾದು ಹೋಗುವ ಒಂದು ಫೋಟೋ ಸಾಕು. ಅಲಾಸ್ಕಾ ರೈಲ್‌ರೋಡ್‌ನ ನೀಲಿ ಹಳದಿ, ವಿಸ್ಕಾನ್ಸಿನ್ ಸೆಂಟ್ರಲ್‌ನ ಕಡುಗೆಂಪು ಮತ್ತು ಚಿನ್ನದ ಬಣ್ಣ, ನಾರ್ಫಕ್ ಸದರ್ನ್‌ನ ಕಪ್ಪು ಬಿಳುಪು, ಎಲ್ಲಕ್ಕೂ ಅಭಿಮಾನಿಗಳಿದ್ದಾರೆ. ನಾರ್ಫಕ್ ಸದರ್ನ್ 2012ರಲ್ಲಿ ತನ್ನ 30ನೇ ವರ್ಷಕ್ಕೆ 20 ಹೊಸ ಎಂಜಿನ್‌ಗಳಿಗೆ ತನ್ನಲ್ಲಿ ಸೇರಿಹೋದ ಹಳೆಯ ಕಂಪನಿಗಳ ಬಣ್ಣ ಹೊಡೆಸಿತು. ಯೂನಿಯನ್ ಪೆಸಿಫಿಕ್ 2005 ಮತ್ತು 2006ರಲ್ಲೇ ಆರು ಎಂಜಿನ್‌ಗಳಿಗೆ ಹೀಗೆ ಮಾಡಿತ್ತು. ಅಂಥ ಹಳೆಯ ಕಂಪನಿಗಳಲ್ಲಿ ಒಂದಾದ ಕಾನ್‌ರೇಲ್‌ನ ನೀಲಿ ಬಣ್ಣದ ಒಂದು ಹೊಚ್ಚ ಹೊಸ ಎಂಜಿನ್ ಇವತ್ತಿನ ಕಂಟೇನರ್ ರೈಲಿನ ಮುಂದೆ ಓಡುವುದನ್ನು ನೋಡಿದರೆ, ಅಪ್ಪನೋ ತಾತನೋ ಕಾನ್‌ರೇಲ್‌ನಲ್ಲಿ ದುಡಿದಿದ್ದ ಮನೆಯವರಿಗೆ ಏನನ್ನಿಸುತ್ತದೆ ಅಂತ ಊಹಿಸಬಹುದು. ಅಂಥವರು ನಾರ್ಫಕ್ ಸದರ್ನ್ ಆರಿಸಿಕೊಂಡರೆ ಅದಕ್ಕಿಂತ ಒಳ್ಳೆಯ ಕಾರಣ ಬೇಕಾ?

ಅಂಗಡಿಯಲ್ಲಿ ಏನು ಸಿಗುತ್ತದೆ ಅನ್ನುವುದೂ ಆಯ್ಕೆಯನ್ನು ತಿರುಗಿಸುತ್ತದೆ. ತಯಾರಕರು ಮೊದಲು ದೊಡ್ಡ ಕಂಪನಿಗಳ ಎಂಜಿನ್ ಮಾಡುತ್ತಾರೆ, ಸಹಜ. ಒಂದು ಕಾಲದಲ್ಲಿ ಇದರಲ್ಲಿ ಕೋರ್ಟೂ ಸೇರಿಕೊಂಡಿತ್ತು. ಯೂನಿಯನ್ ಪೆಸಿಫಿಕ್ 2004ರಲ್ಲಿ ತನ್ನ ಹೆಸರು, ಲಾಂಛನ ಬಳಸಿದ್ದಕ್ಕೆ ಮಾಡೆಲ್ ತಯಾರಕರಾದ ಅಥೆರ್ನ್ ಮತ್ತು ಲಯನೆಲ್ ಮೇಲೆ ದಾವೆ ಹೂಡಿತು. ಮಾಡೆಲ್‌ಗಳಿಗೂ ರಾಯಧನ ಕೊಡಿ ಅನ್ನುವುದು ಅದರ ಒತ್ತಾಯ. ಹವ್ಯಾಸಿಗಳಲ್ಲಿ ಸಿಟ್ಟು ಎದ್ದಿತು. 2006ರಲ್ಲಿ ಕಂಪನಿ ಹಿಂದೆ ಸರಿದು, ರಾಯಧನವಿಲ್ಲದೆ ಪರವಾನಗಿ ಕೊಡಲು ಒಪ್ಪಿತು. ತಾವು ಪ್ರೀತಿಯಿಂದ ಕಟ್ಟುವ ಕಂಪನಿ ತಮ್ಮನ್ನೂ ಸ್ವಲ್ಪ ಗೌರವಿಸಲಿ ಅಂತ ಜನ ಬಯಸುತ್ತಾರೆ. ಅದೂ ಆಯ್ಕೆಯ ಒಂದು ಭಾಗ.

ಇಷ್ಟೆಲ್ಲ ಇದ್ದರೂ ನಿಜವಾದ ತಲೆನೋವು ಶುರುವಾಗುವುದು ಟೇಪ್ ಹಿಡಿದು ಕೋಣೆ ಅಳೆದಾಗ.

ಎಚ್‌ಒ ಅಳತೆ ಅಂದರೆ ನಿಜದ 87ರಲ್ಲಿ ಒಂದು ಭಾಗ. ಒಂದು ಮೈಲಿ ಹಳಿಗೆ ಸುಮಾರು 60 ಅಡಿ ಬೇಕು. ಎನ್ ಅಳತೆ 160ರಲ್ಲಿ ಒಂದು ಭಾಗ, ಅದರಲ್ಲೂ ಒಂದು ಮೈಲಿಗೆ 33 ಅಡಿ. ಈಗಿನ ದೊಡ್ಡ ಗೂಡ್ಸ್ ರೈಲುಗಳು ಎರಡು ಮೈಲಿ ಉದ್ದ ಇರುವುದು ಅಪರೂಪವಲ್ಲ. ಕ್ಯಾಲಿಫೋರ್ನಿಯಾದ ತೆಹಚಾಪಿ ಲೂಪ್ ಗೊತ್ತಿರಬಹುದು, ರೈಲು ಗುಡ್ಡ ಸುತ್ತಿ ತನ್ನ ಬಾಲದ ಮೇಲೇ ದಾಟಿ ಹೋಗುವ ಜಾಗ. ಆ ಸುತ್ತು 3,779 ಅಡಿ. ಎಚ್‌ಒ ಅಳತೆಯಲ್ಲಿ ಸರಿಯಾಗಿ ಕಟ್ಟಿದರೆ ಆ ಸುತ್ತಿನ ಅಡ್ಡಳತೆಯೇ 14 ಅಡಿ ಹತ್ತಿರ ಬರುತ್ತದೆ. ಅದೊಂದೇ ಒಂದು ಕೋಣೆ ನುಂಗುತ್ತದೆ.

ಹಳೆಯ ಕಾಲದ ರೈಲು ಕಟ್ಟುವವರಿಗೆ ಈ ಕಷ್ಟ ಕಡಿಮೆ. ಉಗಿ ಎಂಜಿನ್ ಕಾಲದ 40 ಅಡಿಯ ಬಾಕ್ಸ್ ವ್ಯಾಗನ್ ಎಚ್‌ಒ ಅಳತೆಯಲ್ಲಿ ಐದೂವರೆ ಇಂಚು. ಈಗ ಕಾರು ಸಾಗಿಸುವ 89 ಅಡಿಯ ವ್ಯಾಗನ್ ಒಂದಡಿಗಿಂತ ಉದ್ದ. ಬಿಗಿ ತಿರುವಿನಲ್ಲಿ ಅದು ಹಳಿಯ ಮೇಲೆ ನಿಲ್ಲುವುದೇ ಕಷ್ಟ, ನಿಂತರೂ ನೋಡಲು ಚೆಂದವಿಲ್ಲ. ಹಾಗಾಗಿ ಇವತ್ತಿನ ರೈಲನ್ನು ಕಟ್ಟುವವರು ಮೊದಲ ದಿನದಿಂದಲೇ ಏನನ್ನು ಬಿಡಬೇಕು ಅಂತ ಯೋಚಿಸುತ್ತಾರೆ. ಸಾವಿರಾರು ಎಂಜಿನ್, ಮೂವತ್ತರ ಹತ್ತಿರ ರಾಜ್ಯಗಳಲ್ಲಿ ಹರಡಿದ ಹಳಿ ಇರುವ ಬಿಎನ್‌ಎಸ್‌ಎಫ್ ಅನ್ನು ಯಾರೂ ಕಟ್ಟಲು ಆಗುವುದಿಲ್ಲ. ಅದರ ಒಂದು ತುಣುಕನ್ನು ಕಟ್ಟಬಹುದು, ಅಷ್ಟೇ.

ಆ ತುಣುಕು ಎಷ್ಟು ಚಿಕ್ಕದಿರಬಹುದು ಅನ್ನುವುದನ್ನು ಮಾಡೆಲ್ ಕಟ್ಟುವ ಲ್ಯಾನ್ಸ್ ಮೈಂಡ್‌ಹೈಮ್ ತೋರಿಸಿಕೊಟ್ಟರು. ಸಿಎಸ್‌ಎಕ್ಸ್ ಪೂರ್ವ ಅಮೆರಿಕದ ದೈತ್ಯ ಕಂಪನಿ. ಅವರು ಕಟ್ಟಿದ್ದು ಮಯಾಮಿಯ ಗೋದಾಮುಗಳ ನಡುವೆ ಹಾದು ಹೋಗುವ ಅದರ ಒಂದು ಕವಲು ಹಳಿಯನ್ನು, ಡೌನ್‌ಟೌನ್ ಸ್ಪರ್ ಅಂತ ಅದರ ಹೆಸರು. ಒಂದು ಎಂಜಿನ್, ಕೆಲವೇ ವ್ಯಾಗನ್, ಬಿಸಿಲಿಗೆ ಬಣ್ಣ ಕಳೆದುಕೊಂಡ ಗೋಡೆಗಳು. ಆದರೆ ಯಾವ ಗೋದಾಮಿಗೆ ಏನು ಬರುತ್ತದೆ, ಯಾವ ಬಾಗಿಲ ಎದುರು ವ್ಯಾಗನ್ ನಿಲ್ಲಿಸಬೇಕು, ಗೇಟು ತೆರೆಯಲು ಕೆಳಗೆ ಇಳಿಯುವವರು ಯಾರು, ಇವೆಲ್ಲ ಅಲ್ಲಿದೆ. ಬೆಟ್ಟ, ಸುರಂಗ, ಮೂರು ಎಂಜಿನ್‌ಗಳ ಗುಡುಗು ಏನೂ ಇಲ್ಲದೆ ಒಂದು ಇಡೀ ಸಂಜೆ ಕೈ ತುಂಬ ಕೆಲಸ. ಇನ್ನೊಂದು ತುದಿಯಲ್ಲಿ ಎರಿಕ್ ಬ್ರೂಮನ್ ಇದ್ದಾರೆ. ಅವರ ಯೂಟಾ ಬೆಲ್ಟ್ ಪೂರ್ತಿ ಕಲ್ಪನೆಯ ಕಂಪನಿ, ಆದರೆ ಕಾಲ ಮಾತ್ರ ಇವತ್ತಿನದು. ನಿಜದ ಕಂಪನಿಗಳು ಹೊಸ ಎಂಜಿನ್ ತಂದ ಹಾಗೆ ಯೂಟಾ ಬೆಲ್ಟ್‌ಗೂ ಹೊಸ ಎಂಜಿನ್ ಬರುತ್ತಿತ್ತು, ಹಳೆಯವು ಹೊರಡುತ್ತಿದ್ದವು.

ಇವೆರಡರ ನಡುವೆ ನಿಲ್ಲುವವು ಮಧ್ಯಮ ಗಾತ್ರದ ಕಂಪನಿಗಳು. ನನಗೆ ಜಾಸ್ತಿ ಇಷ್ಟವಾಗುವುದು ಇವೇ. 1980ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸ್ಟ್ಯಾಗರ್ಸ್ ಕಾಯ್ದೆಗೆ ಸಹಿ ಹಾಕಿದರು. ದರ ನಿಗದಿಯ ಮೇಲಿದ್ದ ಸರ್ಕಾರದ ಹಿಡಿತ ಸಡಿಲವಾಯಿತು. ದೊಡ್ಡ ಕಂಪನಿಗಳು ತಮಗೆ ಭಾರವಾದ ಮಾರ್ಗಗಳನ್ನು ಮಾರತೊಡಗಿದವು, ಗುತ್ತಿಗೆಗೆ ಕೊಡತೊಡಗಿದವು. ಹೀಗೆ ಹುಟ್ಟಿದ ಕಂಪನಿಗಳಿಗೆ ಒಂದು ಆದಿ ಇದೆ, ಒಂದು ಗಡಿ ಇದೆ. ಅಯೋವಾ ಇಂಟರ್‌ಸ್ಟೇಟ್ ನೋಡಿ. ರಾಕ್ ಐಲ್ಯಾಂಡ್ ಕಂಪನಿ ದಿವಾಳಿಯಾಗಿ 1980ರ ಮಾರ್ಚ್ 31ಕ್ಕೆ ಓಡಾಟ ನಿಲ್ಲಿಸಿತು. ಅದು ಬಿಟ್ಟುಹೋದ ಕೌನ್ಸಿಲ್ ಬ್ಲಫ್ಸ್ ಮತ್ತು ಶಿಕಾಗೋ ನಡುವಿನ ಹಳಿಯ ಮೇಲೆ 1984ರಲ್ಲಿ ಅಯೋವಾ ಇಂಟರ್‌ಸ್ಟೇಟ್ ಶುರುವಾಯಿತು. ಜೋಳದ ಸೀಮೆ, ಎಥನಾಲ್ ಕಾರ್ಖಾನೆಗಳು, ಧಾನ್ಯದ ಗೋಪುರಗಳು. 2008ರಿಂದ ಬಂದ ಅದರ ಹೊಸ ಜಿಇ ಎಂಜಿನ್‌ಗಳಲ್ಲಿ 513ನೇ ನಂಬರಿನದಕ್ಕೆ ರಾಕ್ ಐಲ್ಯಾಂಡ್ ನೆನಪಿನ ಬಣ್ಣ. ಆ ಕಂಪನಿಯ ದೊಡ್ಡ ಎಂಜಿನ್‌ಗಳನ್ನೆಲ್ಲ ಒಬ್ಬ ಹವ್ಯಾಸಿ ಒಂದೇ ಕಪಾಟಿನಲ್ಲಿ ಜೋಡಿಸಿ ಇಡಬಹುದು. ಹೆಸರು ಹಿಡಿದು ಕರೆಯುವಷ್ಟು ಪರಿಚಯ ಆಗಿಬಿಡುತ್ತದೆ.

ಮೊಂಟಾನಾ ರೈಲ್ ಲಿಂಕ್ ಕೂಡ ಅದೇ ಕಾಲದ ಕೂಸು. ಬರ್ಲಿಂಗ್ಟನ್ ನಾರ್ದರ್ನ್ ಕಂಪನಿ (ಇವತ್ತಿನ ಬಿಎನ್‌ಎಸ್‌ಎಫ್‌ನ ಹಿಂದಿನ ರೂಪ) ಬಿಲಿಂಗ್ಸ್ ಹತ್ತಿರದಿಂದ ಐಡಾಹೊದ ಸ್ಯಾಂಡ್‌ಪಾಯಿಂಟ್‌ವರೆಗಿನ ಹಳೆಯ ನಾರ್ದರ್ನ್ ಪೆಸಿಫಿಕ್ ಮಾರ್ಗವನ್ನು ಗುತ್ತಿಗೆಗೆ ಕೊಟ್ಟಿತು. 1987ರ ಅಕ್ಟೋಬರ್ 31ಕ್ಕೆ ಹೊಸ ಕಂಪನಿ ಓಡಾಟ ಶುರು ಮಾಡಿತು. ನೀಲಿ ಎಂಜಿನ್‌ಗಳು, ರಾಕಿ ಬೆಟ್ಟಗಳು, ಬೋಝ್‌ಮನ್ ಪಾಸ್, ಮಲ್ಲನ್ ಪಾಸ್. ಹೆಲೆನಾದಿಂದ ಪಶ್ಚಿಮಕ್ಕೆ ಹೊರಟ ಭಾರದ ರೈಲಿಗೆ ಅಲ್ಲೇ ಸಹಾಯಕ ಎಂಜಿನ್‌ಗಳನ್ನು ಸೇರಿಸುತ್ತಿದ್ದರು. ಅವು ಮಲ್ಲನ್ ಪಾಸ್‌ನ ಏರು ಹತ್ತಿಸಿ, ಮೇಲೆ ಕಳಚಿಕೊಂಡು, ಮುಂದಿನ ರೈಲಿಗಾಗಿ ಮತ್ತೆ ಕೆಳಗಿಳಿಯುತ್ತಿದ್ದವು. ನನ್ನನ್ನು ಮೊದಲು ಸೆಳೆದದ್ದು ಈ ಬೆಟ್ಟಗಳೇ, ಸುಳ್ಳು ಹೇಳುವುದಿಲ್ಲ. ಆದರೆ ನಾನು ಉಳಿದುಕೊಂಡದ್ದು ಗ್ಯಾಸ್ ಲೋಕಲ್ ಅನ್ನುವ ಒಂದು ರೈಲಿನಿಂದ (ಅಮೆರಿಕದಲ್ಲಿ ಗ್ಯಾಸ್ ಅಂದರೆ ಪೆಟ್ರೋಲ್).

ಈ ರೈಲಿನ ಕಥೆ ಸ್ವಲ್ಪ ವಿವರವಾಗಿ ಹೇಳಲೇಬೇಕು.

ಬಿಲಿಂಗ್ಸ್ ಸುತ್ತ ತೈಲ ಶುದ್ಧೀಕರಣ ಕಾರ್ಖಾನೆಗಳಿವೆ. ಅಲ್ಲಿಂದ ಪಶ್ಚಿಮಕ್ಕೆ, ಸ್ಪೋಕೇನ್ ಕಡೆಗೆ, ಪೆಟ್ರೋಲ್ ಮತ್ತು ಡೀಸೆಲ್ ಹರಿಸುವ ಯೆಲ್ಲೋಸ್ಟೋನ್ ಪೈಪ್‌ಲೈನ್ ಇದೆ. ಈ ಪೈಪು ಫ್ಲಾಟ್‌ಹೆಡ್ ಮೀಸಲು ಪ್ರದೇಶದ ಒಳಗೆ ಹಾದು ಹೋಗುತ್ತಿತ್ತು. ಅದು ಸೇಲಿಶ್ ಮತ್ತು ಕೂಟನೈ ಮೂಲನಿವಾಸಿಗಳ ನೆಲ. ಪೈಪಿನಿಂದ ತೈಲ ಸೋರಿದ್ದನ್ನು ಅವರು ಕಂಡಿದ್ದರು. 1995ರಲ್ಲಿ ಒಪ್ಪಂದದ ಅವಧಿ ಮುಗಿದಾಗ ಮುಂದುವರಿಸಲು ಒಪ್ಪಲಿಲ್ಲ. ನೆಲ ನಮ್ಮದು, ನೀರು ನಮ್ಮದು, ಸಾಕು ಅಂದರು. ಪೈಪ್‌ಲೈನಿನ ನಡುವೆ ಒಂದು ಕಡಿತ ಬಿತ್ತು. ಪೂರ್ವದ ತುಂಡು ಮಿಸೂಲಾದಲ್ಲಿ ನಿಂತಿತು. ಪಶ್ಚಿಮದ ತುಂಡು ಥಾಂಪ್ಸನ್ ಫಾಲ್ಸ್‌ನಿಂದ ಶುರು.

ನಡುವಿನ ಆ ದಾರಿಯನ್ನು ತುಂಬಿದ್ದು ರೈಲು. ಮಿಸೂಲಾದಲ್ಲಿ ಪೈಪಿನಿಂದ ಬಂದ ತೈಲವನ್ನು ಟ್ಯಾಂಕರ್‌ಗಳಿಗೆ ತುಂಬುತ್ತಾರೆ. ರೈಲು ಎವಾರೊ ಗುಡ್ಡ ಹತ್ತಿ, ಕಣಿವೆಯ ಮೇಲೆ ಎತ್ತರಕ್ಕೆ ನಿಂತ ಮಾರೆಂಟ್ ಸೇತುವೆ ದಾಟಿ, ಥಾಂಪ್ಸನ್ ಫಾಲ್ಸ್ ತಲುಪುತ್ತದೆ. ಅಲ್ಲಿ ಟ್ಯಾಂಕರ್ ಖಾಲಿ ಮಾಡುತ್ತಾರೆ, ತೈಲ ಮತ್ತೆ ಪೈಪಿಗೆ ಇಳಿಯುತ್ತದೆ. ಖಾಲಿ ರೈಲು ವಾಪಸ್ ಮಿಸೂಲಾಕ್ಕೆ. ಮತ್ತೆ ತುಂಬು, ಮತ್ತೆ ಹೊರಡು.

ಇದನ್ನು ಓದಿದ ದಿನ ನನಗೆ ಆದ ಖುಷಿ ಹೇಳಲು ಬರುವುದಿಲ್ಲ. ಇಲ್ಲಿ ಒಂದು ರೈಲಿದೆ. ಅದು ಯಾಕೆ ಇದೆ ಅಂತ ಐದು ವಾಕ್ಯದಲ್ಲಿ ಹೇಳಬಹುದು. ಅದರ ಎರಡೂ ತುದಿ ಒಂದೇ ಲೇಔಟ್‌ನಲ್ಲಿ, ಅಂದರೆ ಕೋಣೆಯೊಳಗೆ ಕಟ್ಟಿದ ಒಂದೇ ಮಾಡೆಲ್ ರೈಲು ಮಾರ್ಗದಲ್ಲಿ, ಇಡಬಹುದು. ಶಿಕಾಗೋದಿಂದ ಲಾಸ್ ಏಂಜಲೀಸ್‌ಗೆ ಹೊರಟ ಕಂಟೇನರ್ ರೈಲು ನಮ್ಮ ಕೋಣೆಗೆ ಒಂದು ಗೋಡೆಯ ಹಿಂದಿನಿಂದ ಬಂದು ಇನ್ನೊಂದು ಗೋಡೆಯ ಹಿಂದೆ ಮರೆಯಾಗುತ್ತದೆ. ಅದಕ್ಕೆ ನಾವು ಬರೀ ನೋಡುಗರು. ಗ್ಯಾಸ್ ಲೋಕಲ್ ಹಾಗಲ್ಲ, ಅದರ ಇಡೀ ದಿನ ನಮ್ಮ ಕಣ್ಣೆದುರೇ ನಡೆಯುತ್ತದೆ.

ಹತ್ತಿರ ಹೋದಷ್ಟೂ ಅದು ಇನ್ನೂ ಹೊಂದಿಕೊಳ್ಳುತ್ತಾ ಬಂತು. ಕಲ್ಲಿದ್ದಲು ರೈಲು ಕಟ್ಟುವವರಿಗೆ ಒಂದು ತಾಪತ್ರಯ ಇದೆ. ಹೋಗುವಾಗ ವ್ಯಾಗನ್ ತುಂಬಿರಬೇಕು, ಬರುವಾಗ ಖಾಲಿ ಇರಬೇಕು. ಪ್ರತಿ ಸಲ ಕೈಯಲ್ಲಿ ಕಲ್ಲಿದ್ದಲ ಅಚ್ಚು ತೆಗೆದು ಹಾಕಬೇಕು, ಅಥವಾ ಎರಡು ರೈಲು ಇಟ್ಟುಕೊಳ್ಳಬೇಕು. ಟ್ಯಾಂಕರ್ ಹೊರಗಿನಿಂದ ನೋಡಿದರೆ ತುಂಬಿದ್ದೂ ಒಂದೇ, ಖಾಲಿಯೂ ಒಂದೇ. ನಿಜದಲ್ಲಿ ತುಂಬಿದಾಗ ಸ್ಪ್ರಿಂಗ್ ಸ್ವಲ್ಪ ಕುಸಿಯುತ್ತದೆ, ಎಚ್‌ಒ ಅಳತೆಯಲ್ಲಿ ಅದು ಕಾಣುವುದಿಲ್ಲ. ಪಕ್ಕದಲ್ಲಿ ಕೆಂಪು ವಜ್ರಾಕಾರದ ಫಲಕ, ಅದರಲ್ಲಿ 1203 ಅನ್ನುವ ಸಂಖ್ಯೆ. ಪೆಟ್ರೋಲ್‌ಗೆ ವಿಶ್ವಸಂಸ್ಥೆಯ ಪಟ್ಟಿಯಲ್ಲಿರುವ ಸಂಖ್ಯೆ ಅದು. ತಳದಲ್ಲಿ ಉಳಿದ ಪೆಟ್ರೋಲ್ ತೊಳೆದು ತೆಗೆಯುವವರೆಗೆ ಖಾಲಿ ಟ್ಯಾಂಕರ್ ಮೇಲೂ ಆ ಫಲಕ ಇರಲೇಬೇಕು ಅನ್ನುವುದು ನಿಯಮ. ಅಂದರೆ ನನ್ನ ರೈಲು ಹೋಗುವಾಗಲೂ ಸರಿ, ಬರುವಾಗಲೂ ಸರಿ. ಆ ಫಲಕ ಎಚ್‌ಒ ಅಳತೆಯಲ್ಲಿ ಮೂರು ಮಿಲಿಮೀಟರ್. ಚಿಮಟದ ತುದಿಯಲ್ಲಿ ಹಿಡಿದು, ಒದ್ದೆ ಮಾಡಿದ ತೆಳು ಅಂಟುಚಿತ್ರವನ್ನು (ಡೆಕಾಲ್) ವ್ಯಾಗನ್ನಿನ ಮೂಲೆಯ ಫಲಕದ ಮೇಲೆ ಜಾರಿಸಿ ಕೂರಿಸುವಾಗ ಉಸಿರು ತಾನಾಗಿ ನಿಂತಿರುತ್ತದೆ. ಒಂದು ಟ್ಯಾಂಕರ್‌ಗೆ ನಾಲ್ಕು. ಎರಡು ಪಕ್ಕಕ್ಕೆ, ಎರಡು ತುದಿಗೆ.

ಇನ್ನೂ ಒಂದು ನಿಯಮ ನನಗೆ ತುಂಬಾ ಹಿಡಿಸಿತು. ಇಂಥ ಸರಕು ತುಂಬಿದ ಟ್ಯಾಂಕರನ್ನು ಎಂಜಿನ್‌ಗೆ ನೇರವಾಗಿ ಅಂಟಿಸಿ ಓಡಿಸುವ ಹಾಗಿಲ್ಲ, ನಡುವೆ ಬೇರೆ ವ್ಯಾಗನ್ ಇರಬೇಕು. ಎಷ್ಟೋ ಇಂಧನ ರೈಲುಗಳಲ್ಲಿ ಮರಳು ತುಂಬಿದ ಹಳೆಯ ಧಾನ್ಯದ ವ್ಯಾಗನ್ ಇದೇ ಕೆಲಸಕ್ಕೆ ಇರುತ್ತದೆ. ಒಂದೇ ಥರದ ಕಪ್ಪು ಟ್ಯಾಂಕರ್‌ಗಳ ಸಾಲಿನ ಮುಂದೆ ತುಕ್ಕು ಹಿಡಿದ, ಗೀಚು ಚಿತ್ರ ತುಂಬಿದ ಒಂದು ಬೂದು ವ್ಯಾಗನ್. ಲೇಔಟ್ ನೋಡಲು ಬಂದವರು ಇದು ತಪ್ಪಿ ಬಂದು ಸೇರಿದೆಯಾ ಅಂತ ಕೇಳುತ್ತಾರೆ. ಅದರ ಮಾತಿಗೆ ಶುರು ಮಾಡಿದರೆ ಪೈಪ್‌ಲೈನ್‌ವರೆಗೆ ಹೋಗದೆ ನಿಲ್ಲುವುದಿಲ್ಲ.

ಇವತ್ತಿನ ರೈಲುಗಳಲ್ಲಿ ಸ್ವಾರಸ್ಯ ಇಲ್ಲ ಅನ್ನುವವರ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಎಲ್ಲ ಒಂದೇ ಥರದ ಎಂಜಿನ್, ಎಲ್ಲ ಒಂದೇ ಥರದ ಕಂಟೇನರ್, ಚಿಕ್ಕ ಸ್ಟೇಷನ್‌ಗಳು ಹೋದವು, ಹಿಂದಿನ ಗಾರ್ಡ್ ಬೋಗಿಯೂ ಹೋಯಿತು ಅನ್ನುತ್ತಾರೆ. ದೂರದಿಂದ ನೋಡಿದರೆ ನಿಜ. ಅದೇ ಮೊಂಟಾನಾ ಹಳಿಯ ಮೇಲೆ ಹಸಿರು ಬಣ್ಣದ ವಿಮಾನದ ದೇಹಗಳು ಹೋಗುತ್ತವೆ. ಬೋಯಿಂಗ್ 737ರ ದೇಹ ತಯಾರಾಗುವುದು ಕಾನ್ಸಸ್‌ನ ವಿಚಿಟಾದಲ್ಲಿ, ರೆಕ್ಕೆ ಜೋಡಿಸುವುದು ವಾಷಿಂಗ್ಟನ್ ರಾಜ್ಯದ ರೆಂಟನ್‌ನಲ್ಲಿ. ನಡುವೆ ಅದು ರೈಲಿನಲ್ಲಿ ಬರುತ್ತದೆ. 2014ರ ಜುಲೈನಲ್ಲಿ ರಿವ್ಯುಲೆಟ್ ಹತ್ತಿರ ರೈಲು ಹಳಿ ತಪ್ಪಿ ಮೂರು ವಿಮಾನದ ದೇಹಗಳು ಕ್ಲಾರ್ಕ್ ಫೋರ್ಕ್ ನದಿಯ ದಡಕ್ಕೆ ಜಾರಿದ ಫೋಟೋ ಆಗ ಎಲ್ಲ ಕಡೆ ಬಂದಿತ್ತು. ಅಲಾಸ್ಕಾ ರೈಲ್‌ರೋಡ್‌ಗೆ ಬೇರೆ ಯಾವ ರೈಲಿನ ಜೊತೆಗೂ ನೆಲದ ಮೇಲೆ ಸಂಪರ್ಕವೇ ಇಲ್ಲ. ಹೊರಗಿನ ವ್ಯಾಗನ್‌ಗಳು ಹಳಿ ಹಾಸಿದ ದೋಣಿಯಲ್ಲಿ ಸಮುದ್ರ ದಾಟಿ ವಿಟ್ಟಿಯರ್‌ಗೆ ಬಂದು ಇಳಿಯುತ್ತವೆ. ಸ್ವಾರಸ್ಯ ಎಲ್ಲೂ ಹೋಗಿಲ್ಲ. ವ್ಯಾಗನ್ ಒಳಗೆ ಏನಿದೆ, ಯಾರಿಗೆ ಬೇಕು ಅಂತ ಕೇಳಿದರೆ ಸಿಗುತ್ತದೆ.

ಇವತ್ತಿನ ರೈಲನ್ನು ಕಟ್ಟುವುದರಲ್ಲಿ ಇನ್ನೊಂದು ಸುಖ ಇದೆ. ಅನುಮಾನ ಬಂದರೆ ನಿಜವಾದದ್ದನ್ನು ನೋಡಬಹುದು. ಉಪಗ್ರಹದ ಚಿತ್ರದಲ್ಲಿ ಯಾರ್ಡಿನ ಹಳಿ ಎಣಿಸಬಹುದು, ಗೋದಾಮಿನ ಚಾವಣಿ ಅಳೆಯಬಹುದು. 1950ರ ರೈಲು ಕಟ್ಟುವವರು ಒಂದು ಕಪ್ಪು ಬಿಳುಪು ಫೋಟೋದಲ್ಲಿ ಮರದ ಬಣ್ಣ ಏನಿತ್ತು ಅಂತ ವರ್ಷಗಟ್ಟಲೆ ವಾದ ಮಾಡುತ್ತಾರೆ. ಆದರೆ ನೋಡ ನೋಡುತ್ತಿದ್ದಂತೆಯೇ ಇವತ್ತಿನದು ನಿನ್ನೆಯದಾಗುತ್ತದೆ. ಅಪಾಯವಿದ್ದರೆ ರೈಲನ್ನು ತಾನಾಗಿ ನಿಲ್ಲಿಸುವ ಪಿಟಿಸಿ ವ್ಯವಸ್ಥೆಯನ್ನು 2008ರ ಕಾಯ್ದೆ ಕಡ್ಡಾಯ ಮಾಡಿತು. ಅದನ್ನು ಅಳವಡಿಸುವ ಗಡಿಬಿಡಿಯಲ್ಲಿ ದುಂಡು ಕಣ್ಣಿನ ಹಳೆಯ ಸಿಗ್ನಲ್‌ಗಳು ಸಾವಿರಗಟ್ಟಲೆ ಇಳಿದುಹೋದವು. ಹಾಗಾಗಿ ಕಂಪನಿ ಆರಿಸಿದರೆ ಅರ್ಧ ಕೆಲಸ ಮಾತ್ರ. ವರ್ಷವನ್ನೂ ಆರಿಸಬೇಕು.

ನಾನು 2010 ಇಟ್ಟುಕೊಂಡಿದ್ದೇನೆ. ಕಾರಣ ಹೇಳಿದರೆ ವಿಚಿತ್ರ ಅನ್ನಿಸಬಹುದು. ರಾತ್ರಿ ರಸ್ತೆ ದಾಟುವಲ್ಲಿ ರೈಲು ಕಾಣಲಿ ಅಂತ ವ್ಯಾಗನ್‌ಗಳ ಪಕ್ಕಕ್ಕೆ ಬೆಳಕು ಹೊಳೆಯಿಸುವ ಪಟ್ಟಿ ಅಂಟಿಸಬೇಕು ಅನ್ನುವ ನಿಯಮ 2005ರಲ್ಲಿ ಬಂತು. ಎಲ್ಲ ವ್ಯಾಗನ್‌ಗೂ ಅಂಟಿಸಿ ಮುಗಿಸಲು ಹತ್ತು ವರ್ಷ ಸಮಯ ಕೊಟ್ಟಿದ್ದರು. 2010 ಅಂದರೆ ಸರಿಯಾಗಿ ನಡು. ಅದೇ ರೈಲಿನಲ್ಲಿ ಒಂದು ವ್ಯಾಗನ್‌ಗೆ ಹಳದಿ ಪಟ್ಟಿ, ಪಕ್ಕದ್ದಕ್ಕೆ ಇಲ್ಲ. 2005ರಲ್ಲಿ ಬಂದ ನೀಲಿ ಎಸ್‌ಡಿ70ಎಸಿಇ ಎಂಜಿನ್‌ಗಳು ಇನ್ನೂ ಹೊಸದರಂತೆಯೇ ಇವೆ. ಅವುಗಳ ಪಕ್ಕದಲ್ಲಿ ಹಳೆಯ ಎಂಜಿನ್‌ಗಳೂ ದುಡಿಯುತ್ತಿವೆ. ಹಳೆಯದು ಪೂರ್ತಿ ಹೋಗಿಲ್ಲ, ಹೊಸದು ಪೂರ್ತಿ ಬಂದಿಲ್ಲ. ಒಂದೊಂದು ವ್ಯಾಗನ್ ಕೈಗೆತ್ತಿಕೊಂಡಾಗಲೂ ಇದಕ್ಕೆ ಪಟ್ಟಿ ಬಂದಿತ್ತಾ ಇಲ್ವಾ ಅಂತ ತೀರ್ಮಾನಿಸಬೇಕು. ನನಗೆ ಆ ಕೆಲಸ ಬೇಸರ ತರಿಸುವುದೇ ಇಲ್ಲ.

ಈ ನಡುವೆ ಕಂಪನಿಯೇ ಹೋಯಿತು. ಗುತ್ತಿಗೆಯನ್ನು ಅವಧಿಗೆ ಮೊದಲೇ ಮುಗಿಸಲು ಒಪ್ಪಂದವಾಗಿ, 2024ರ ಜನವರಿ 1ಕ್ಕೆ ಬಿಎನ್‌ಎಸ್‌ಎಫ್ ಆ ಮಾರ್ಗವನ್ನು ಮತ್ತೆ ತನ್ನ ಕೈಗೆ ತೆಗೆದುಕೊಂಡಿತು. ಅದಕ್ಕೂ ಮೊದಲು, 2023ರ ಏಪ್ರಿಲ್‌ನಲ್ಲಿ, ಕೆನೇಡಿಯನ್ ಪೆಸಿಫಿಕ್ ಮತ್ತು ಕಾನ್ಸಸ್ ಸಿಟಿ ಸದರ್ನ್ ಸೇರಿ ಸಿಪಿಕೆಸಿ ಆಗಿದ್ದವು. 2025ರ ಜುಲೈನಲ್ಲಿ ಯೂನಿಯನ್ ಪೆಸಿಫಿಕ್ ಮತ್ತು ನಾರ್ಫಕ್ ಸದರ್ನ್ ಒಂದಾಗುವ ಯೋಜನೆ ಘೋಷಿಸಿದವು. ನಾರ್ಫಕ್ ಸದರ್ನ್ ಕಟ್ಟುತ್ತಿರುವ ಒಬ್ಬ ಗೆಳೆಯ ಆ ಸುದ್ದಿ ಬಂದ ಮೇಲೆ ಸ್ವಲ್ಪ ಕಳವಳದಿಂದಲೇ ಮಾತಾಡಿದ. ಈಗ ಏನು ಮಾಡೋದು, ಎಲ್ಲ ಮಾರಿಬಿಡಲಾ ಅಂತ. ನಿನ್ನ ಲೇಔಟ್‌ನಲ್ಲಿ ನಿನಗೆ ತುಂಬಾ ಇಷ್ಟವಾದ ರೈಲು ಯಾವುದು ಅಂತ ಕೇಳಿದೆ. ಒಂದು ಕಾಗದದ ಕಾರ್ಖಾನೆಗೆ ಜೇಡಿಮಣ್ಣಿನ ಹಾಲು ತರುವ ಟ್ಯಾಂಕರ್‌ಗಳ ಬಗ್ಗೆ ಶುರು ಮಾಡಿದ. ಕಾಗದ ನುಣುಪಾಗಲು ಆ ಮಣ್ಣು ಬೇಕಂತೆ. ಟ್ಯಾಂಕರ್ ಮುಚ್ಚಳದಿಂದ ಕೆಳಗೆ ಇಳಿದ ಬಿಳಿ ಕಲೆಗಳನ್ನು ಹೇಗೆ ಬಣ್ಣದಲ್ಲಿ ತೋರಿಸಿದ್ದಾನೆ ಅಂತ ಹೇಳುತ್ತಾ ಹೋದ. ಮಾರುವ ಮಾತು ಮತ್ತೆ ಬರಲಿಲ್ಲ.

ನನ್ನ ಕಡೆ ಈಗ ಬಾಕಿ ಇರುವುದು ಥಾಂಪ್ಸನ್ ಫಾಲ್ಸ್. ಮಿಸೂಲಾ ತುದಿ ಮುಗಿದಿದೆ. ಎವಾರೊ ಏರಿನಲ್ಲಿ ಎಂಜಿನ್ ಚಕ್ರ ಜಾರದ ಹಾಗೆ ಎಷ್ಟು ಟ್ಯಾಂಕರ್ ಎಳೆಯಬಹುದು ಅನ್ನುವುದೂ ಗೊತ್ತಾಗಿದೆ. ಟ್ಯಾಂಕರ್ ಖಾಲಿ ಮಾಡುವ ಕಡೆಯ ಪೈಪುಗಳು, ಮೆಟ್ಟಿಲು, ಬೇಲಿ, ದೀಪದ ಕಂಬ ಎಲ್ಲ ಇನ್ನೂ ಕಾಗದದ ಮೇಲಿವೆ. ಜಾಗ ಒಂದೂವರೆ ಅಡಿ ಅಗಲವಷ್ಟೇ. ಅದರಲ್ಲಿ ಎರಡು ಹಳಿ ಹಾಕಲಾ, ಮೂರು ಹಾಕಲಾ ಅನ್ನುವುದನ್ನು ಈ ವಾರ ತೀರ್ಮಾನಿಸಬೇಕು.